ಬಂದಷ್ಟು ರಕ್ತ, ಹೋದಷ್ಟು ರಕ್ತ: ಹೃದಯದ ಲೆಕ್ಕಾಚಾರ

ಚಿತ್ರದುರ್ಗದ ಬಂಧುಗಳೇ, ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ನಾಡಿ ಹಿಡಿದು ನೋಡಿಕೊಳ್ಳೋಣ. ಎಡ ಅಂಗೈ ಮೇಲಕ್ಕೆ ಮಾಡಿ. ಹೆಬ್ಬೆರಳಿನ ಬುಡದ ನೇರಕ್ಕೆ, ಮಣಿಕಟ್ಟಿನ ಮೇಲೆ, ಬಲಗೈಯ ತೋರುಬೆರಳು ಮತ್ತು ನಡುಬೆರಳನ್ನು ಹಗುರವಾಗಿ ಇಡಿ. ಹೆಬ್ಬೆರಳಿನಿಂದ ನೋಡಬೇಡಿ, ಅದರದೇ ಮಿಡಿತ ಲೆಕ್ಕಕ್ಕೆ ಸೇರಿಬಿಡುತ್ತದೆ. 30 ಸೆಕೆಂಡು ಎಣಿಸಿ, ದುಪ್ಪಟ್ಟು ಮಾಡಿ. ಬಡಿತ ಏರುಪೇರಾಗಿದ್ದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು. ಕೂತಿದ್ದಾಗ 60ರಿಂದ 100ರ ಒಳಗೆ ಬಂದರೆ ಸರಿ.

ಈ ಒಂದೊಂದು ಮಿಡಿತಕ್ಕೂ ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡಭಾಗದ ಕೆಳಗಿನ ಕೋಣೆ, ಸುಮಾರು 70 ಮಿಲಿ ರಕ್ತ ಹೊರಗೆ ತಳ್ಳುತ್ತದೆ. ನಿಮಿಷಕ್ಕೆ 72 ಬಡಿತವಾದರೆ 5 ಲೀಟರ್ ಆಯಿತು. ನಮ್ಮ ಮೈಯಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಕೋಣೆ ಯಾವತ್ತೂ ಪೂರ್ತಿ ಖಾಲಿಯಾಗುವುದಿಲ್ಲ. ತುಂಬಿದಾಗ 120 ಮಿಲಿ, ಹಿಂಡಿದ ಮೇಲೂ 50 ಮಿಲಿ ಉಳಿದಿರುತ್ತದೆ. ಹೃದಯದ ಸ್ಕ್ಯಾನ್ ಆದ ಎಕೋದ ರಿಪೋರ್ಟಿನಲ್ಲಿ ‘ಇಎಫ್ 60%’ ಎಂದು ಬರೆಯುವುದು ಈ ಲೆಕ್ಕವನ್ನೇ: ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎಂದು. ನೂರಕ್ಕೆ ಅರವತ್ತೇ ಬಂತಲ್ಲ ಎಂದು ಗಾಬರಿಯಾಗುವವರಿದ್ದಾರೆ. ಅದು ಪರೀಕ್ಷೆಯ ಅಂಕವಲ್ಲ, 55ರಿಂದ 70 ಸಹಜವೇ.

ಈಗ ಇದೇ ಮನುಷ್ಯ ಕೋಟೆ ಹತ್ತಲು ಹೊರಟ ಎನ್ನಿ. ಏಕನಾಥೇಶ್ವರಿ ಗುಡಿ ಮುಟ್ಟುವ ಹೊತ್ತಿಗೆ ನಿಮಿಷಕ್ಕೆ 5 ಲೀಟರ್ ಇದ್ದದ್ದು 12, 15 ಲೀಟರ್ ಆಗಬಹುದು. ಹೃದಯ ಜೋರಾಗಿ ಬಡಿಯಿತು, ಅದಕ್ಕೇ ರಕ್ತ ಹೆಚ್ಚು ಹರಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಇದು ಅರ್ಧ ಸತ್ಯ. ಹೊಳಲ್ಕೆರೆ, ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ಉಳಿದರ್ಧ ಬಿಡಿಸಿ ಹೇಳಬೇಕಿಲ್ಲ: ಎರಡು ಇಂಚು ನೀರಿರುವ ಬೋರಿಗೆ ದುಪ್ಪಟ್ಟು ಎಚ್‌ಪಿ ಮೋಟರ್ ಇಳಿಸಿದರೆ ನೀರೇನೂ ನಾಲ್ಕು ಇಂಚಾಗುವುದಿಲ್ಲ. ಹೃದಯಕ್ಕೆ ಎಷ್ಟು ರಕ್ತ ಮರಳಿ ಬರುತ್ತದೋ ಅಷ್ಟನ್ನೇ ಅದು ಕಳಿಸಬಲ್ಲದು.

ಮರಳಿ ಬರುವ ರಕ್ತ ಹೆಚ್ಚುವುದು ಕಾಲಿನಿಂದ. ರಕ್ತದ ಅರ್ಧಕ್ಕಿಂತ ಹೆಚ್ಚು ಪಾಲು ಯಾವಾಗಲೂ ಹೃದಯಕ್ಕೆ ರಕ್ತ ಮರಳಿಸುವ ನಾಳಗಳಾದ ಅಭಿಧಮನಿಗಳಲ್ಲೇ ನಿಧಾನವಾಗಿ ಸಾಗುತ್ತಿರುತ್ತದೆ. ಮೆಟ್ಟಿಲು ಹತ್ತುವಾಗ ಮೀನಖಂಡದ ಸ್ನಾಯು ಅವನ್ನು ಹಿಂಡುತ್ತದೆ, ಒಳಗಿನ ಕವಾಟಗಳು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ, ಆಳವಾದ ಉಸಿರು ಅದನ್ನು ಎದೆಯ ಕಡೆಗೆ ಸೆಳೆಯುತ್ತದೆ. ಹೆಚ್ಚು ರಕ್ತ ಬಂದಾಗ ಹೃದಯದ ಗೋಡೆ ಹಿಗ್ಗುತ್ತದೆ. ಹಿಗ್ಗಿದಷ್ಟೂ ಬಲವಾಗಿ ಹಿಂಡುತ್ತದೆ. 1895ರಲ್ಲಿ ಜರ್ಮನಿಯ ಒಟ್ಟೊ ಫ್ರಾಂಕ್ ಕಪ್ಪೆಯ ಹೃದಯದಲ್ಲಿ, 1914ರ ಸುಮಾರಿಗೆ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯ ಹೃದಯದಲ್ಲಿ ಇದನ್ನು ತೋರಿಸಿದರು.

ಈ ಗುಣ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡಿ. ಬಲ ಹೃತ್ಕುಕ್ಷಿ ಶ್ವಾಸಕೋಶಕ್ಕೆ ಕಳಿಸುತ್ತದೆ, ಎಡದ್ದು ಅಲ್ಲಿಂದ ಬಂದದ್ದನ್ನು ಮೈಗೆಲ್ಲ ಕಳಿಸುತ್ತದೆ. ಎಡಕ್ಕಿಂತ ಬಲ ಪ್ರತಿ ಬಡಿತಕ್ಕೆ ಒಂದೇ ಒಂದು ಮಿಲಿ ಹೆಚ್ಚು ಕಳಿಸಿದರೂ ಗಂಟೆಯೊಳಗೆ 4 ಲೀಟರ್ ರಕ್ತ ಶ್ವಾಸಕೋಶದಲ್ಲಿ ನಿಲ್ಲಬೇಕಾಗುತ್ತಿತ್ತು. ಹಾಗಾಗುವುದಿಲ್ಲ, ಯಾಕೆಂದರೆ ಹೆಚ್ಚು ಬಂದ ಕೂಡಲೇ ಎಡಭಾಗ ಹೆಚ್ಚು ಹಿಗ್ಗಿ ಹೆಚ್ಚು ಹಿಂಡುತ್ತದೆ. ಮಿದುಳಿನ ಅಪ್ಪಣೆಗೂ ಕಾಯುವುದಿಲ್ಲ.

ವೇಗದ ವಿಷಯ ಬೇರೆ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ 100ರ ಆಸುಪಾಸಿನಲ್ಲಿ ಬಡಿಯುತ್ತದೆ. ಮಿದುಳಿನಿಂದ ಹೃದಯಕ್ಕೆ ಬರುವ ವೇಗಸ್ ಎಂಬ ನರ ಬ್ರೇಕ್ ಹಿಡಿದು 70ಕ್ಕೆ ಇಳಿಸಿರುತ್ತದೆ. ಮೊದಲ ಮೆಟ್ಟಿಲುಗಳಲ್ಲಿ ನಾಡಿ ಏರುವುದು ಆ ಬ್ರೇಕ್ ಸಡಿಲವಾಗುವುದರಿಂದ. ಅಡ್ರಿನಲಿನ್ ಬಗೆಯ ಪ್ರಚೋದನೆ ಮೇಲುಗೈ ಸಾಧಿಸುವುದು ಆಮೇಲೆ. ಈ ಪ್ರಚೋದನೆಯನ್ನು ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಅಷ್ಟು ಏರುವುದಿಲ್ಲ. ಹಾಗಾಗಿ ಅವರು ಕೈಗಡಿಯಾರದ ಅಂಕಿ ನೋಡಿ ‘ಇನ್ನೂ ಹತ್ತಬಹುದು’ ಎಂದು ತೀರ್ಮಾನಿಸಬಾರದು. ಏದುಸಿರಿಲ್ಲದೆ ಒಂದು ವಾಕ್ಯ ಪೂರ್ತಿ ಮಾತಾಡಲು ಆಗುತ್ತದೆಯೇ, ಅದನ್ನು ನೋಡಿಕೊಳ್ಳಬೇಕು.

ವೇಗಕ್ಕೂ ಮಿತಿಯಿದೆ. 75ರ ವೇಗದಲ್ಲಿ ಒಂದು ಬಡಿತಕ್ಕೆ 0.8 ಸೆಕೆಂಡು, ಅದರಲ್ಲಿ ಸುಮಾರು 0.5 ಸೆಕೆಂಡು ತುಂಬಿಕೊಳ್ಳಲಿಕ್ಕೆ. ವೇಗ ಏರಿದಾಗ ಹೆಚ್ಚಾಗಿ ಕತ್ತರಿ ಬೀಳುವುದು ಈ ತುಂಬುವ ಹೊತ್ತಿಗೇ. ಸಂಧಿವಾತ ಜ್ವರದಿಂದ ಮೈಟ್ರಲ್ ಕವಾಟ (ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಬಾಗಿಲು) ಕಿರಿದಾದವರು ನಾಡಿ ಏರಿದ ಕೂಡಲೇ ಏದುಸಿರು ಬಿಡುವುದು ಇದರಿಂದಲೇ: ಕಿರಿದಾದ ಬಾಗಿಲಲ್ಲಿ ರಕ್ತ ಇಳಿಯಲು ಸಮಯ ಸಾಲದು. ಅಲ್ಲದೆ ಎಡ ಹೃತ್ಕುಕ್ಷಿಯ ಸ್ನಾಯುವಿಗೇ ರಕ್ತ ಸಿಗುವುದು ಹೆಚ್ಚಾಗಿ ಅದು ಸಡಿಲಗೊಂಡಾಗ. ಕೂತಿದ್ದಾಗಲೇ ಅದು ಬಂದ ರಕ್ತದ ಆಮ್ಲಜನಕದಲ್ಲಿ ಸುಮಾರು 70% ಹೀರಿಕೊಂಡಿರುತ್ತದೆ. ಹೆಚ್ಚು ಬೇಕೆಂದರೆ ಹೆಚ್ಚು ರಕ್ತವೇ ಬರಬೇಕು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೋನರಿ ನಾಳ ಕಟ್ಟಿಕೊಂಡವರಿಗೆ ಹತ್ತುವಾಗ ಎದೆ ಹಿಂಡಿ, ನಿಂತ ಕೆಲವೇ ನಿಮಿಷದಲ್ಲಿ ಕಡಿಮೆಯಾಗುವುದು ಇದರಿಂದ. ಅದನ್ನು ಗ್ಯಾಸ್ ಎಂದು ಸೋಡಾ ಕುಡಿದು ಸುಮ್ಮನಾಗಬೇಡಿ.

ನಮ್ಮ ಏಪ್ರಿಲ್ ಬಿಸಿಲಲ್ಲಿ ಇನ್ನೊಂದು ತೊಡಕು. ಮೈ ತಣಿಸಲು ಚರ್ಮಕ್ಕೆ ರಕ್ತ ಬೇಕು, ಬೆವರಿ ಬೆವರಿ ರಕ್ತದ ನೀರಂಶವೂ ಇಳಿದಿರುತ್ತದೆ. ಮರಳುವ ರಕ್ತ ಕಡಿಮೆಯಾಗಿ, ಅದೇ ಹತ್ತಾಟಕ್ಕೆ ನಾಡಿ ಹೆಚ್ಚು ಓಡುತ್ತದೆ. ಮೇಲೆ ಮುಟ್ಟಿ ತಟ್ಟನೆ ನಿಂತರಂತೂ ಮೀನಖಂಡದ ಹಿಂಡುವಿಕೆ ನಿಂತು ರಕ್ತ ಕಾಲಲ್ಲೇ ಉಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಒಂದೆರಡು ನಿಮಿಷ ನಿಧಾನವಾಗಿ ಅಡ್ಡಾಡಿ, ಆಮೇಲೆ ಕೂರಿ. ಯಾರಾದರೂ ಬಿದ್ದರೆ ಎತ್ತಿ ಕೂರಿಸುವುದು, ಬಾಯಿಗೆ ನೀರು ಹಾಕುವುದು ಬೇಡ. ಉಸಿರಾಡುತ್ತಿದ್ದರೆ ನೆರಳಲ್ಲಿ ಅಂಗಾತ ಮಲಗಿಸಿ ಕಾಲನ್ನು ಒಂದಡಿ ಎತ್ತರಿಸಿ. ಸಾಮಾನ್ಯ ತಲೆಸುತ್ತಾದರೆ ಒಂದೆರಡು ನಿಮಿಷದಲ್ಲಿ ಎಚ್ಚರವಾಗುತ್ತದೆ. ಆಗದಿದ್ದರೆ, ಅಥವಾ ಎದೆನೋವು ಜೊತೆಗಿದ್ದರೆ, 108ಕ್ಕೆ ಫೋನ್ ಮಾಡಿ. ಉಸಿರೇ ಇಲ್ಲದಿದ್ದರೆ ಕಾಲೆತ್ತುತ್ತಾ ಕೂರಬೇಡಿ: ಎದೆಯ ನಡುವೆ ಎರಡೂ ಕೈಯಿಟ್ಟು, 5 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಇಲ್ಲದಿದ್ದರೆ ಹೃದಯ ತುಂಬಿಕೊಳ್ಳುವುದಿಲ್ಲ, ಮುಂದಿನ ಒತ್ತಿಗೆ ಹೊರಡಲು ರಕ್ತವಿರುವುದಿಲ್ಲ.