ಸೋರುವ ಕಿವಿಗೆ ಎಣ್ಣೆ ಬೇಡ

ಆಕಾಶವಾಣಿ ಹಾಸನ ಕೇಂದ್ರದ ಕೇಳುಗರೆಲ್ಲರಿಗೂ ನಮಸ್ಕಾರ. ಸಕಲೇಶಪುರ, ಮೂಡಿಗೆರೆಯ ಕಡೆ ಮಳೆ ಹಿಡಿಯಿತೆಂದರೆ ನಮ್ಮ ಕಿವಿ, ಮೂಗು, ಗಂಟಲು ವಿಭಾಗದ ಮುಂದಿನ ಬೆಂಚುಗಳಲ್ಲಿ ಕೂರಲು ಜಾಗವಿರುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ತಾಯಂದಿರು. ಅವರ ತೊಡೆಯ ಮೇಲೆ ಅಳುವ ಮಗು, ಆ ಮಗುವಿನ ಕಿವಿಯಲ್ಲಿ ಎಣ್ಣೆಯಲ್ಲಿ ಅದ್ದಿದ ಹತ್ತಿ. ಆ ಹತ್ತಿಯ ವಿರುದ್ಧವೇ ಇವತ್ತಿನ ನನ್ನ ಮಾತು. ಕಿವಿ ನೋಯಲಿ, ಕಿವಿ ಸೋರಲಿ, ನೀವಾಗಿಯೇ ಅದಕ್ಕೆ ಏನನ್ನೂ ಹಾಕಬೇಡಿ, ವೈದ್ಯರಿಗೆ ತೋರಿಸಿ.

ಮಕ್ಕಳ ಕಿವಿನೋವು ಸಾಮಾನ್ಯವಾಗಿ ಹೊರಗಿನಿಂದ ಬರುವುದಲ್ಲ, ಮೂಗಿನ ಹಿಂಭಾಗದಿಂದ ಬರುವುದು. ಕಿವಿಯ ತಮಟೆಯ ಹಿಂದೆ ನಡುಗಿವಿ ಎಂಬ ಪುಟ್ಟ ಕೋಣೆಯಿದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳವಿದ್ದು, ದೊಡ್ಡವರಲ್ಲಿ ಅದು ಇಳಿಜಾರಾಗಿರುತ್ತದೆ, ಎಳೆಯ ಮಕ್ಕಳಲ್ಲಿ ಗಿಡ್ಡವಾಗಿ ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿರುತ್ತದೆ. ಹೀಗಾಗಿ ನೆಗಡಿಯಾದಾಗ ನಾಳ ಊದಿ ಕಟ್ಟಿಕೊಂಡು, ಸೋಂಕು ಸುಲಭವಾಗಿ ಮೇಲೇರಿ, ನಡುಗಿವಿಯಲ್ಲಿ ಕೀವು ತುಂಬಿ ತಮಟೆಯನ್ನು ಹೊರಕ್ಕೆ ಒತ್ತುತ್ತದೆ. ನಡುರಾತ್ರಿ ಮಗು ಕಿವಿ ಎಳೆದುಕೊಂಡು ಚೀರುವುದು ಆಗಲೇ. ನೀವು ಹೊರಗಿನಿಂದ ಸುರಿಯುವ ಎಣ್ಣೆ ತಮಟೆಯ ಈಚೆಗೇ ನಿಲ್ಲುತ್ತದೆ, ಕೀವು ಇರುವುದು ಆಚೆಗೆ. ಆ ರಾತ್ರಿ ಬೇಕಾದದ್ದು ಮಗುವಿನ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್, ಬೆಳಿಗ್ಗೆ ವೈದ್ಯರು.

ಒತ್ತಡ ಹೆಚ್ಚಾದಾಗ ಕೆಲವೊಮ್ಮೆ ತಮಟೆ ತೂತಾಗಿ ಕೀವು ಹೊರಬರುತ್ತದೆ. ಕೀವು ಬಂದೊಡನೆ ನೋವು ಇಳಿಯುವುದರಿಂದ ಮನೆಯವರು ವಾಸಿಯಾಯಿತೆಂದು ತಿಳಿಯುತ್ತಾರೆ. ಇನ್ನು ಕೆಲವರು, ಬೆಳೆಯುವ ಮಕ್ಕಳಿಗೆ ಕಿವಿ ಸೋರುವುದು ಸಹಜ, ದೊಡ್ಡವರಾದರೆ ತಾನೇ ನಿಲ್ಲುತ್ತದೆ ಎನ್ನುತ್ತಾರೆ. ಸಹಜವಲ್ಲ. ಒಮ್ಮೆ ಆದ ಸಣ್ಣ ತೂತು ಹೆಚ್ಚಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಎರಡು ವಾರ ದಾಟಿಯೂ ಸೋರುವ ಕಿವಿ ದೀರ್ಘಕಾಲದ ಕಾಯಿಲೆಗೆ ತಿರುಗಿದೆಯೆಂದೇ ತಿಳಿಯಬೇಕು.

ಕಳಸದ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಿಂದ ಒಬ್ಬ ಅಜ್ಜಿ ತಮ್ಮ ಮೊಮ್ಮಗಳನ್ನು ಕರೆತಂದಿದ್ದರು. ಕಿವಿ ಸೋರುತ್ತದೆಯೆಂದು ಬಂದವರಲ್ಲ. ಹುಡುಗಿಗೆ ಪಾಠ ಕೇಳಿಸುತ್ತಿಲ್ಲವೆಂದು ಶಾಲೆಯ ಮೇಷ್ಟ್ರು ಹೇಳಿ ಕಳಿಸಿದ್ದರಿಂದ ಬಂದವರು. ಕಿವಿಗೆ ಏನು ಹಾಕಿದ್ದೀರಿ ಅಜ್ಜಿ ಎಂದು ಕೇಳಿದೆ. “ಏನೂ ಹಾಕಿಲ್ಲ ಡಾಕ್ಟ್ರೇ.” ಎಣ್ಣೆ? “ಎಣ್ಣೆ ಹಾಕ್ದೆ ಇರ್ತಾರಾ? ಬೆಳ್ಳುಳ್ಳಿ ಹಾಕಿ ಕಾಯಿಸಿ ಎರಡು ತೊಟ್ಟು.” ಅದಕ್ಕೂ ನಿಲ್ಲದಿದ್ದಾಗ ತುಂಬೆ ಸೊಪ್ಪಿನ ರಸ, ಆಮೇಲೆ ಸಂತೆಯ ದಿನ ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ನೊರೆ ಬರುವ ಔಷಧಿ, ಕೊನೆಗೆ ಪಕ್ಕದ ಮನೆಯವರ ಬಳಿ ಉಳಿದಿದ್ದ ಕಣ್ಣಿನ ಡ್ರಾಪ್ಸ್. ಏನೂ ಹಾಕಿಲ್ಲ ಎಂದವರ ಪಟ್ಟಿ ಇದು! ಮೈಕ್ರೋಸ್ಕೋಪಿನಡಿ ಕಿವಿಯನ್ನು ಶುಚಿ ಮಾಡುತ್ತ ಹೋದಾಗ ಮೊದಲು ಎಣ್ಣೆ ಬೆರೆತ ಕೀವು, ಅದರ ಹಿಂದೆ ಕೊಳೆತು ಮೆತ್ತಗಾದ ಬೆಳ್ಳುಳ್ಳಿಯ ಚೂರು, ಅದರ ಹಿಂದೆ ತಮಟೆಯ ಅರ್ಧದಷ್ಟು ಅಗಲದ ತೂತು ಕಂಡವು. ತಮಟೆ ತೂತಾಗಿದ್ದರೆ ಹಾಕಿದ್ದೆಲ್ಲವೂ ನೇರವಾಗಿ ನಡುಗಿವಿಗೆ ಇಳಿಯುತ್ತದೆ. ಕಿವಿಯನ್ನು ಒಣಗಿಸಿ, ಕೆಲವು ತಿಂಗಳ ಬಳಿಕ ಅವಳದೇ ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯಿಂದ ಒಂದು ತುಂಡು ತೆಗೆದು ತಮಟೆಗೆ ತೇಪೆ ಹಾಕಿದೆವು. ಹುಡುಗಿಗೆ ಈಗ ಚೆನ್ನಾಗಿ ಕೇಳಿಸುತ್ತದೆ. ಮೊದಲ ವಾರವೇ ಬರಬಾರದಿತ್ತೇ ಎಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದ್ದಕ್ಕೆ, “ಬಸ್ ಚಾರ್ಜು, ಒಂದು ದಿನದ ಕೂಲಿ ನೀವು ಕೊಡ್ತೀರಾ?” ಎಂದು ಅಜ್ಜಿ ತಿರುಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಮೊದಲ ವಾರ ಹಾಸನಕ್ಕೋ ಚಿಕ್ಕಮಗಳೂರಿಗೋ ಬರಬೇಕಾಗಿಲ್ಲ; ನಿಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬೆಳಕು ಬಿಟ್ಟು ತಮಟೆಯನ್ನು ನೋಡಿದರೆ ಸಾಕು, ಮುಂದಕ್ಕೆ ಕಳಿಸಬೇಕೇ ಬೇಡವೇ ಎಂಬುದನ್ನು ಅವರೇ ಹೇಳುತ್ತಾರೆ.

ನನಗೆ ಕೊಟ್ಟ ಸಮಯದಲ್ಲಿ ಅರ್ಧವನ್ನು ಅಜ್ಜಿಯೇ ತೆಗೆದುಕೊಂಡರು, ಆದ್ದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಮಳೆಗಾಲದಲ್ಲಿ ದೊಡ್ಡವರ ಕಿವಿ ತುರಿಸಿ ಕಟ್ಟಿಕೊಂಡರೆ ಅದು ಬಹಳ ಸಲ ಬೂಷ್ಟು. ಒಳಗೆ ನೆಂದ ಕಾಗದದಂತೆ ಕೂತಿರುತ್ತದೆ, ಎಣ್ಣೆ ಮತ್ತು ತೇವ ಅದನ್ನು ಬೆಳೆಸುತ್ತವೆ. ಗುಗ್ಗೆ ತೆಗೆಯಲು ಬೆಂಕಿಕಡ್ಡಿ, ಹೇರ್‌ಪಿನ್, ಬಡ್ಸ್ ಯಾವುದೂ ಬೇಡ. ಮಗುವನ್ನು ಅಂಗಾತ ಮಲಗಿಸಿ ಬಾಟಲಿಯ ಹಾಲು ಕುಡಿಸಬೇಡಿ, ಮಗುವಿರುವ ಕೋಣೆಯಲ್ಲಿ ಬೀಡಿ ಸೇದಬೇಡಿ. ವೈದ್ಯರು ಆಂಟಿಬಯಾಟಿಕ್ ಬರೆದುಕೊಟ್ಟರೆ ನೋವು ನಿಂತಿತೆಂದು ನಡುವೆ ಬಿಡಬೇಡಿ. ಬರೆದುಕೊಡದಿದ್ದರೆ ಕೇಳಿ ಪಡೆಯಬೇಡಿ, ಏಕೆಂದರೆ ಅನೇಕ ಮಕ್ಕಳಲ್ಲಿ ಇದು ಎರಡು ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ಇಷ್ಟನ್ನು ಮಾತ್ರ ಒಂದು ದಿನವೂ ತಡಮಾಡದೆ ತೋರಿಸಬೇಕು: ಆರು ತಿಂಗಳೊಳಗಿನ ಮಗುವಿಗೆ ಜ್ವರ, ಕಿವಿಯ ಹಿಂದಿನ ಮೂಳೆಯ ಮೇಲೆ ಬಾವು ಬಂದು ಕಿವಿ ಮುಂದಕ್ಕೆ ಚಾಚಿಕೊಂಡಂತಾಗುವುದು, ಬಾಯಿ ಸೊಟ್ಟಗಾಗುವುದು, ತಲೆಸುತ್ತು, ಸೋರುವ ಕಿವಿಯೊಂದಿಗೆ ವಿಪರೀತ ತಲೆನೋವು, ವಾಂತಿ, ಮಂಪರು. ಸೋಂಕು ಮೂಳೆಯನ್ನು ತಿಂದು ಮಿದುಳಿನತ್ತ ಸಾಗಿರಬಹುದು. ಸಕ್ಕರೆ ಕಾಯಿಲೆಯಿರುವ ಹಿರಿಯರಿಗೆ ರಾತ್ರಿ ನಿದ್ದೆಗೆಡಿಸುವ ಕಿವಿನೋವು ಬಂದರೂ ಅಷ್ಟೇ ತುರ್ತು. ಕೀವಿಗೆ ಕೊಳೆತ ವಾಸನೆಯಿದ್ದರೆ ನೋವಿಲ್ಲವೆಂದು ಸುಮ್ಮನಿರದೆ ಅದೇ ವಾರ ಕಿವಿಯ ತಜ್ಞರ ಬಳಿಗೆ ಹೋಗಿ.

ವೈದ್ಯರನ್ನು ಕಾಣುವವರೆಗೆ ಶುಚಿಯಾದ ಹತ್ತಿಬಟ್ಟೆಯ ತುದಿಯನ್ನು ಬತ್ತಿಯಂತೆ ಹೊಸೆದು, ಕಿವಿಯ ಬಾಯಲ್ಲಿಟ್ಟು ಕೀವನ್ನು ಹೀರಿಸಿ, ಎಸೆದು, ಮತ್ತೊಂದು ಇಡಿ. ಸ್ನಾನ ಮಾಡಿಸುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಮುಚ್ಚಿ, ಸ್ನಾನ ಮುಗಿದೊಡನೆ ತೆಗೆದುಬಿಡಿ. ಹಬ್ಬದ ಎಣ್ಣೆಸ್ನಾನದ ದಿನ ಎಣ್ಣೆ ತಲೆಗೆ ಇರಲಿ, ಮೈಗೆ ಇರಲಿ. ಕಿವಿಗೆ ಮಾತ್ರ ಬೇಡ. ನಮಸ್ಕಾರ.