ಹೊಳಹು ಮತ್ತು ಹದ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕೊಪ್ಪಳದಲ್ಲಾಗಲಿ, ರಾಯಚೂರು ಬಳ್ಳಾರಿಗಳಲ್ಲಾಗಲಿ, ಕೋಚಿಂಗ್ ತರಗತಿಗಳಿರುವ ಬೀದಿಯಲ್ಲಿ ಒಮ್ಮೆ ನಡೆದು ಬಂದರೆ 'ಜೀನಿಯಸ್' ಎಂಬ ಮಾತು ಎಷ್ಟು ಅಗ್ಗವಾಗಿದೆ ಎಂಬುದು ತಿಳಿಯುತ್ತದೆ. ನೂರಕ್ಕೆ ತೊಂಬತ್ತೆಂಟು ಅಂಕ ತೆಗೆದ ಹುಡುಗ ಜೀನಿಯಸ್ ಆಗಿರುತ್ತಾನೆ. ಅವನೇ ಸಂತೆಗೆ ಹೋಗಿ ಹುಳುಕು ಬದನೆಕಾಯಿ ತಂದಾಗ, ಓದಿ ಓದಿ ಮರುಳಾದ ಕೂಚಂಭಟ್ಟ ಆಗಿಬಿಡುತ್ತಾನೆ. ಪ್ರತಿಭೆಯೂ ಲೋಕದ ತಿಳಿವಳಿಕೆಯೂ ಒಂದೇ ತಕ್ಕಡಿಯ ಎರಡು ತಟ್ಟೆಗಳು, ಒಂದು ಮೇಲೇರಿದರೆ ಇನ್ನೊಂದು ಕೆಳಗಿಳಿಯಲೇಬೇಕು ಎಂಬ ನಂಬಿಕೆ ಈ ಎರಡು ಮಾತುಗಳ ಹಿಂದೆ ಇದೆ. ಮೂವತ್ತು ವರ್ಷ ಪಾಠ ಹೇಳಿದ ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಈಗ ನಂಬುವುದಿಲ್ಲ, ಏಕೆ ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಪದಗಳನ್ನೇ ನೋಡೋಣ. 'ಪ್ರತಿಭೆ' ಎಂಬ ಸಂಸ್ಕೃತ ಪದದೊಳಗೆ 'ಭಾ' ಎಂಬ ಧಾತು ಇದೆ. ಬೆಳಗುವುದು ಎಂದು ಅದರ ಅರ್ಥ. ಹತ್ತನೆಯ ಶತಮಾನದ ಕಾಶ್ಮೀರದ ಭಟ್ಟತೌತ, ಹೊಸಹೊಸದಾಗಿ ಅರಳುತ್ತಲೇ ಇರುವ ಪ್ರಜ್ಞೆಯೇ ಪ್ರತಿಭೆ ಎಂದ. ಶಾಸ್ತ್ರ ಓದದ ನಮ್ಮ ಜನ ಇದನ್ನು ಒಂದೇ ಕ್ರಿಯಾಪದದಲ್ಲಿ ಹೇಳುತ್ತಾರೆ: 'ಹೊಳೆಯಿತು'. 'ನಾನು ಹೊಳೆಸಿದೆ' ಎಂದು ಯಾರೂ ಹೇಳುವುದಿಲ್ಲ, 'ನನಗೆ ಹೊಳೆಯಿತು' ಎನ್ನುತ್ತಾರೆ. ಹೊಳೆದದ್ದು ತನ್ನ ಸ್ವಂತ ಆಸ್ತಿಯೆಂದು ಮೆರೆಯಲು ನಮ್ಮ ವ್ಯಾಕರಣವೇ ಎಡೆಗೊಡುವುದಿಲ್ಲ.

'ಕಾಮನ್ ಸೆನ್ಸ್' ಎಂಬುದಕ್ಕೆ ಪುಸ್ತಕಗಳಲ್ಲಿ 'ಸಾಮಾನ್ಯ ಜ್ಞಾನ' ಎಂದು ಬರೆಯುವವರಿದ್ದಾರೆ. ಆದರೆ ಆ ಮಾತು ಈಗ ಸ್ಪರ್ಧಾತ್ಮಕ ಪರೀಕ್ಷೆಗಳ ಪಾಲಾಗಿ, ದೇಶದೇಶಗಳ ರಾಜಧಾನಿಗಳ ಪಟ್ಟಿಯಾಗಿದೆ. ನನ್ನ ಮಟ್ಟಿಗೆ ಅದಕ್ಕೆ ಸರಿಯಾದ ಕನ್ನಡ ಪದ 'ಹದ'. ನಮ್ಮ ದೊಡ್ಡಪ್ಪನವರದು ಸಿಂಧನೂರಿನ ಕಡೆ ಮಳೆಯನ್ನೇ ನಂಬಿದ ಎರೆಹೊಲ. ಹಿಂಗಾರಿ ಜೋಳ ಬಿತ್ತುವ ಮುಂಚೆ, ಉತ್ತರಿ ಮಳೆ ನಿಂತ ಮೂರನೆಯ ದಿನವೋ ನಾಲ್ಕನೆಯ ದಿನವೋ, ಹೊಲದೊಳಗೆ ನಾಲ್ಕು ಹೆಜ್ಜೆ ಇಟ್ಟು, ಮೇಲಿನ ಮಣ್ಣನ್ನು ಕಾಲಿನಿಂದ ಸರಿಸಿ, ಒಳಗಿನದನ್ನು ಒಂದು ಹಿಡಿ ತೆಗೆದು ಅಮುಕಿ ಉಂಡೆ ಮಾಡುತ್ತಿದ್ದರು. ಆ ಉಂಡೆಯನ್ನು ಸೊಂಟದೆತ್ತರದಿಂದ ಕೈಬಿಡುತ್ತಿದ್ದರು. ಅದು ಅಪ್ಪಚ್ಚಿಯಾಗಿ ಕೂತರೆ ಇನ್ನೂ ಹಸಿ ಇದೆ, ಮಣ್ಣು ಕೂರಿಗೆಯ ತಾಳಿಗೆ ಮೆತ್ತಿ ಬೀಜ ಇಳಿಯುವುದಿಲ್ಲ. ಕೈಯಲ್ಲಿ ಉಂಡೆಯೇ ಆಗದಿದ್ದರೆ ಹೊತ್ತು ಮೀರಿದೆ. ಬಿದ್ದು ನಾಲ್ಕೈದು ಹೆಂಟೆಯಾಗಿ ಒಡೆದರೆ, "ನಾಳೆ ಕೂರಿಗಿ ಹೂಡ್ರಿ" ಎನ್ನುತ್ತಿದ್ದರು. ಇದನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ, ತಾವೇ ಕಂಡುಹಿಡಿದದ್ದೂ ಆಗಿರಲಿಲ್ಲ. ನೂರಾರು ಮಂದಿಯ ತಪ್ಪುಗಳಿಂದ ಸೋಸಿ ಉಳಿದ ತಿಳಿವಳಿಕೆ ಅವರ ಅಂಗೈಗೆ ಬಂದು ಸೇರಿತ್ತು.

ಹದಕ್ಕೆ ಒಂದು ಮಿತಿಯೂ ಉಂಟು. ತಾನು ಕಂಡ ಹೊಲದಲ್ಲಿ ಅದು ತಪ್ಪುವುದು ಅಪರೂಪ. ಕಾಣದ ಹೊಲಕ್ಕೆ ಬಂದಾಗ ಅದು ಹಳೆಯ ಮಾತನ್ನೇ ಹೇಳುತ್ತಾ ಹೋಗುತ್ತದೆ. ಸೂರ್ಯ ಮೂಡುತ್ತಾನೆ, ಮುಳುಗುತ್ತಾನೆ ಎಂದು ಹೇಳುವುದೂ ಅದೇ ಹದ.

ಹೊಳಹು ಮತ್ತು ಹದ ಒಂದನ್ನೊಂದು ಹೇಗೆ ತಾಗುತ್ತವೆ ಎಂಬುದಕ್ಕೆ ನನಗೆ ಸದಾ ನೆನಪಾಗುವುದು ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯ ಸಂಗತಿ. 1840ರ ದಶಕದಲ್ಲಿ ಅಲ್ಲಿ ಎರಡು ವಿಭಾಗಗಳಿದ್ದವು: ಒಂದರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿ ನೂರಕ್ಕೆ ಸುಮಾರು ಹತ್ತು ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರೆ, ಸೂಲಗಿತ್ತಿಯರ ವಿಭಾಗದಲ್ಲಿ ಆ ಸಂಖ್ಯೆ ಅದರ ಅರ್ಧಕ್ಕಿಂತಲೂ ಕಡಿಮೆಯಿತ್ತು. ಈ ವ್ಯತ್ಯಾಸ ಊರಿನ ಬಡ ಹೆಂಗಸರಿಗೆ ಚೆನ್ನಾಗಿ ಗೊತ್ತಿತ್ತು. ಮೊದಲನೆಯ ವಿಭಾಗಕ್ಕೆ ಹಾಕಬೇಡಿ ಎಂದು ಅವರು ಅಂಗಲಾಚುತ್ತಿದ್ದರು. ಬೀದಿಯಲ್ಲಿ ಹೆತ್ತರೂ ಸರಿ, ಅಲ್ಲಿಗೆ ಬೇಡ ಎನ್ನುವವರಿದ್ದರು. ಪ್ರಾಧ್ಯಾಪಕರೋ, ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಹೇಳಿ ಸುಮ್ಮನಿದ್ದರು. ಎರಡು ವಿಭಾಗಗಳಲ್ಲಿಯೂ ಬೀಸುವ ಗಾಳಿ ಒಂದೇ ಅಲ್ಲವೇ ಎಂದು ಕೇಳಲು ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ. ಬಸುರಿಯರು ಕಣ್ಣಾರೆ ಕಂಡದ್ದನ್ನು ಪ್ರಶ್ನೆಯಾಗಿ ಕೈಗೆತ್ತಿಕೊಂಡವನು ಇಗ್ನಾಝ್ ಸೆಮೆಲ್ವೈಸ್ ಎಂಬ ತರುಣ ವೈದ್ಯ. 1847ರಲ್ಲಿ ಶವಪರೀಕ್ಷೆಯ ಹೊತ್ತಿನಲ್ಲಿ ಚಾಕು ತಾಗಿ ಅವನ ಗೆಳೆಯನೊಬ್ಬ ಸತ್ತ. ಗೆಳೆಯನ ದೇಹದಲ್ಲಿಯೂ ಬಾಣಂತಿಯರ ದೇಹದಲ್ಲಿಯೂ ಒಂದೇ ಬಗೆಯ ಕೇಡು ಕಂಡಾಗ ಸೆಮೆಲ್ವೈಸನಿಗೆ ಹೊಳೆಯಿತು: ಶವದ ಕೋಣೆಯಿಂದ ನೇರವಾಗಿ ಹೆರಿಗೆಯ ಕೋಣೆಗೆ ಬರುವ ವೈದ್ಯರ ಕೈಯೇ ಸಾವನ್ನು ಹೊತ್ತು ತರುತ್ತಿದೆ. ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈತೊಳೆದು ಬರಬೇಕೆಂದು ಕಟ್ಟಳೆ ಮಾಡಿದ; ಕೆಲವೇ ತಿಂಗಳಲ್ಲಿ ಸಾವುಗಳು ಥಟ್ಟನೆ ಇಳಿದವು.

ಇಲ್ಲಿ ಹೆಂಗಸರ ಹದಕ್ಕೆ ಏನಾಗುತ್ತಿದೆ ಎಂಬುದು ತಿಳಿದಿತ್ತು, ಏಕೆ ಎಂಬುದು ತಿಳಿದಿರಲಿಲ್ಲ. ವಿದ್ವಾಂಸರ ಬಳಿ 'ಏಕೆ'ಗೆ ಬೇಕಾದಷ್ಟು ಉತ್ತರಗಳಿದ್ದವು, ಆದರೆ ಏನಾಗುತ್ತಿದೆ ಎಂದು ನೋಡುವ ಕಣ್ಣು ಇರಲಿಲ್ಲ. ಪ್ರತಿಭೆ ಹುಟ್ಟಿದ್ದು ಇವೆರಡರ ನಡುವಿನ ಬಿರುಕಿನಲ್ಲಿ. ಇನ್ನೊಂದು ಮಾತನ್ನು ಮುಚ್ಚಿಡಬಾರದು: ಸೆಮೆಲ್ವೈಸನಿಗೆ ಕೂಡ ಮನುಷ್ಯರ ನಡುವಿನ ಹದ ಸಾಲದಾಗಿತ್ತು. ತನ್ನ ಕೆಲಸವನ್ನು ವಿವರವಾಗಿ ಬರೆಯಲು ವರ್ಷಗಟ್ಟಲೆ ತಡಮಾಡಿದ, ವಿಯೆನ್ನಾದ ಕೆಲಸ ಕಳೆದುಕೊಂಡ, ಒಪ್ಪದವರನ್ನು ಕೊಲೆಗಾರರೆಂದು ಬೈದ, 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ಇಂದು ಅಂಗನವಾಡಿಯ ಮಗುವಿಗೂ ಊಟಕ್ಕೆ ಮುಂಚೆ ಕೈ ತೊಳೆಯಬೇಕು ಎಂಬುದು ಗೊತ್ತು. ಅಂದು ಹೊಳೆದದ್ದು ಇಂದು ಹದವಾಗಿದೆ. ಡಾರ್ವಿನ್ನನ ವಿಕಾಸವಾದವನ್ನು ಮೊದಲು ಅರಿತಾಗ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿ, ಇದು ನನಗೆ ಹೊಳೆಯದೆ ಹೋಯಿತಲ್ಲ, ನಾನೆಂಥ ದಡ್ಡ, ಎಂದು ಹಣೆ ಚಚ್ಚಿಕೊಂಡಂತೆ ಬರೆದದ್ದೂ ಇದೇ ಕಾರಣಕ್ಕೆ.

ಹಾಗಾದರೆ ಪ್ರತಿಭಾವಂತರನ್ನು ಮೊದಲೇ ಅಳೆದು ಆರಿಸಬಹುದೇ? ಅಮೆರಿಕದ ಮನೋವಿಜ್ಞಾನಿ ಲೂಯಿಸ್ ಟರ್ಮನ್ 1921ರಿಂದ ಬುದ್ಧಿಮತ್ತೆಯ ಪರೀಕ್ಷೆಗಳ ಮೂಲಕ ಸುಮಾರು ಸಾವಿರದ ಐನೂರು ಮಕ್ಕಳನ್ನು ಆರಿಸಿ, ಅವರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದ. ಅವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಅದೇ ಪರೀಕ್ಷೆಯಲ್ಲಿ ಸಾಲದೆಂದು ಕೈಬಿಟ್ಟ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವಾರೆಜ್, ಮುಂದೆ ಭೌತವಿಜ್ಞಾನದಲ್ಲಿ ಆ ಬಹುಮಾನ ಪಡೆದರು. ಕೋಚಿಂಗ್ ಬೀದಿಯ ತಂದೆತಾಯಿಯರು ಇದನ್ನು ಕೇಳಿಸಿಕೊಂಡರೆ ಒಳ್ಳೆಯದು, ಅವರು ಕೇಳಿಸಿಕೊಳ್ಳುವುದಿಲ್ಲ ಎಂಬುದೂ ನನಗೆ ಗೊತ್ತು.

ಈ ವಿಷಯದಲ್ಲಿ ನಮ್ಮ ನಾಡು ಮೊದಲಿನಿಂದಲೂ ಧಾರಾಳಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ಕನ್ನಡಿಗರು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಎಂದಿತು. ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ನಾನು ಕೂತು ಮಾತನಾಡುತ್ತಿರುವ ಈ ಕೊಪಣ ನಗರವನ್ನೂ ಹೆಸರಿಸಿತು. ಆ ಮಾತಿಗೆ ನಮ್ಮ ಕಾಲದ ಸಾಕ್ಷಿ ಬೇಕೆಂದರೆ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರಿದ್ದರು. ಅಕ್ಷರ ಕಲಿಯದ ಆ ಬುರ್ರಕಥೆಯ ಕಲಾವಿದೆ, ರಾತ್ರಿಗಟ್ಟಲೆ ಹಾಡಿದರೂ ಮುಗಿಯದ ಹಲವು ಕಾವ್ಯಗಳನ್ನು 2014ರಲ್ಲಿ ತೀರಿಕೊಳ್ಳುವವರೆಗೆ ನಾಲಗೆಯ ಮೇಲೆ ಇಟ್ಟುಕೊಂಡಿದ್ದರು. ಅದನ್ನು ಬರಿಯ ಜ್ಞಾಪಕಶಕ್ತಿ ಎಂದವರಿಗೆ ಆ ಕಲೆ ಅರ್ಥವಾಗಿಲ್ಲ. ಬಾಯಿಪಾಠ ಅಲ್ಲಿ ನೂಲು ಮಾತ್ರ. ಕೂತ ಜನ ಆಕಳಿಸಿದಾಗ ಯಾವ ಎಳೆಯನ್ನು ಮೊಟಕುಮಾಡಬೇಕು, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡಾಗ ಯಾವುದನ್ನು ಹಿಗ್ಗಿಸಬೇಕು ಎಂಬುದನ್ನು ಹಾಡುವವರು ಆ ಕ್ಷಣದಲ್ಲಿಯೇ ತೀರ್ಮಾನಿಸಬೇಕು. ಅಲ್ಲಿ ಹೊಳಹು ಯಾವುದು, ಹದ ಯಾವುದು ಎಂದು ಬಿಡಿಸಲು ನನ್ನಿಂದಾಗಿಲ್ಲ.

ಕೊನೆಯದಾಗಿ ನೀವೆಲ್ಲರೂ ಉಸಿರು ಬಿಗಿಹಿಡಿದು ಕಾದ ಆ ವಾರದ ಸಂಗತಿ. 2024ರ ಆಗಸ್ಟ್ 10ರ ರಾತ್ರಿ ತುಂಬಿದ್ದ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ನೀರನ್ನೆಲ್ಲ ಹೊರಬಿಟ್ಟು, ಮಟ್ಟ ಇಳಿಸಿ, ಆಮೇಲೆ ದುರಸ್ತಿ ಮಾಡುವುದು ಅಪಾಯವಿಲ್ಲದ ದಾರಿಯಾಗಿತ್ತು. ಆದರೆ ನೀರು ಹೋದರೆ ಭತ್ತವೂ ಹೋಗುತ್ತಿತ್ತು. ಎಂಬತ್ತರ ಆಸುಪಾಸಿನಲ್ಲಿದ್ದ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಅರವತ್ತು ಅಡಿ ಅಗಲ ಇಪ್ಪತ್ತು ಅಡಿ ಎತ್ತರದ ಆ ಬಾಯಿಗೆ ಒಂದೇ ದೊಡ್ಡ ಬಾಗಿಲಿನ ಬದಲು ನಾಲ್ಕು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ಹಲಗೆಗಳನ್ನು ಮಾಡಿಸಿ, ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದರಂತೆ ಕ್ರೇನಿನಿಂದ ಇಳಿಸಿದರು. ಮೊದಲನೆಯದು 16ರಂದು ಕೂತಿತು, ಮರುದಿನಕ್ಕೆ ಐದೂ ಕೂತವು.

ಅದಾದ ಕೆಲವು ದಿನಗಳಿಗೆ ಗಂಗಾವತಿಯ ಕಡೆ ಕಾಲುವೆಯ ದಂಡೆಯ ಮೇಲೆ ರೈತರೊಬ್ಬರು ಸಿಕ್ಕರು. ನಾನು ಆ ಸಾಹಸವನ್ನು ಬಾಯ್ತುಂಬ ಹೊಗಳುತ್ತಿದ್ದೆ. ಅವರು ತೂಬಿನ ಸೀಳಿಗೆ ಹಳೆಯ ಬೇವಿನ ಹಲಗೆಯೊಂದನ್ನು ಇಳಿಸಿ, ಸಂದಿಗೆ ಹುಲ್ಲು ಕೆಸರು ಮೆತ್ತುತ್ತಿದ್ದರು. ಕೈ ತೊಳೆದುಕೊಂಡು, "ಅದರಾಗೇನೈತ್ರಿ ಸರ, ನಾವು ದಿನಾ ಮಾಡೋದ ಅಲ್ಲೇನ್ರಿ ಇದು?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹರಿಯುವ ನೀರನ್ನು ನೋಡುತ್ತಾ, "ಆದ್ರ ಆ ನೀರಿನ್ಯಾಗ ಇಳಸಬಹುದು ಅಂತ ನಮಗ ಹೊಳೀಲಿಲ್ಲ ನೋಡ್ರಿ" ಎಂದು ಎರಡನೆಯ ಹಲಗೆಗೆ ಕೈಹಾಕಿದರು.