ತಂತಿ ತಿನ್ನುವ ವೋಲ್ಟು

ಕೇಳುಗರಿಗೆಲ್ಲ ನಮಸ್ಕಾರ. ಹಾಳೆ, ಪೆನ್ನು ಹತ್ತಿರ ಇದ್ದರೆ ಎತ್ತಿಕೊಳ್ಳಿ. ಇವತ್ತು ಸ್ವಲ್ಪ ಲೆಕ್ಕ ಇದೆ.

ಮನೆಯ ಜಗಲಿಯಲ್ಲಿ 12 ವೋಲ್ಟಿನ ಸೋಲಾರ್ ಬ್ಯಾಟರಿ. ಅಲ್ಲಿಂದ 20 ಮೀಟರ್ ಆಚೆ ದನದ ಕೊಟ್ಟಿಗೆ. ಅಲ್ಲಿ ಹಳೇ ಗಾಡಿಯ 60 ವ್ಯಾಟಿನ ಹೆಡ್‌ಲೈಟ್ ಬಲ್ಬು ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ಬ್ಯಾಟರಿ ಪಕ್ಕದಲ್ಲಿ ಕಣ್ಣು ಕುಕ್ಕುತ್ತಿದ್ದ ಬಲ್ಬು ಕೊಟ್ಟಿಗೆಯಲ್ಲಿ ಮಂಕು. ಅನುಮಾನವೆಲ್ಲ ಬ್ಯಾಟರಿ ಮೇಲೆ. ಆದರೆ ನಡುವಿನ ತಂತಿಯನ್ನು ಯಾರೂ ವಿಚಾರಿಸುವುದಿಲ್ಲ.

ವೋಲ್ಟೇಜನ್ನು ರೋಧದಿಂದ, ಅಂದರೆ ಕರೆಂಟಿಗೆ ಒಡ್ಡುವ ತಡೆಯಿಂದ (ಓಮ್‌ನಲ್ಲಿ ಅಳೆಯುವುದು), ಭಾಗಿಸಿದರೆ ಎಷ್ಟು ಆಂಪಿಯರ್ ಕರೆಂಟು ಹರಿಯುತ್ತದೆ ಅನ್ನುವುದು ಸಿಗುತ್ತದೆ. ಇದನ್ನು 1827ರಲ್ಲಿ ಪ್ರಕಟಿಸಿದವರು ಜರ್ಮನಿಯ ಶಾಲಾ ಮೇಷ್ಟರು ಜಾರ್ಜ್ ಓಮ್. ಅವರು ಪ್ರಯೋಗ ನಡೆಸಿದ್ದೂ ಬೇರೆ ಬೇರೆ ಉದ್ದದ ತಂತಿಗಳ ಮೇಲೆಯೇ. ಇನ್ನು, ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಇವೆರಡೇ ಸಾಕು.

ಬಲ್ಬಿನ ರೋಧ ಮೊದಲು. 60 ವ್ಯಾಟನ್ನು 12 ವೋಲ್ಟಿನಿಂದ ಭಾಗಿಸಿದರೆ 5 ಆಂಪಿಯರ್, 12ನ್ನು ಆ 5ರಿಂದ ಭಾಗಿಸಿದರೆ 2.4 ಓಮ್. ಈಗ ತಂತಿ. ಒಂದು ಸ್ಕ್ವೇರ್ ಎಂ.ಎಂ. ದಪ್ಪದ (ಅಡ್ಡ ಕತ್ತರಿಸಿದಾಗ ಕಾಣುವ ವಿಸ್ತೀರ್ಣ) ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್. ಕರೆಂಟು ಹೋಗಬೇಕು, ವಾಪಸ್ಸೂ ಬರಬೇಕು, ಹಾಗಾಗಿ ಲೆಕ್ಕಕ್ಕೆ 40 ಮೀಟರ್. ಹೆಚ್ಚುಕಡಿಮೆ 0.7 ಓಮ್ ಆಯಿತು. ಒಂದರ ಹಿಂದೆ ಒಂದು ಇರುವುದರಿಂದ ಎರಡನ್ನೂ ಕೂಡಿಸಿ: 3.1. ಹನ್ನೆರಡನ್ನು ಅದರಿಂದ ಭಾಗಿಸಿದರೆ 3.87 ಆಂಪಿಯರ್. ಅದನ್ನು ಬಲ್ಬಿನ 2.4ರಿಂದ ಗುಣಿಸಿದರೆ ಬಲ್ಬಿಗೆ ಸಿಕ್ಕಿದ್ದು 9.3 ವೋಲ್ಟ್, ತಂತಿ ತಿಂದದ್ದು 2.7. ವ್ಯಾಟಿನಲ್ಲಿ ಹೇಳಿದರೆ ಅರವತ್ತರ ಬಲ್ಬಿಗೆ ಬರೀ 36. ತಂತಿ ಬಿಸಿಯಾಗಲು ಹತ್ತೂವರೆ. ತಂಪಾದ ಫಿಲಮೆಂಟಿನ (ಬಲ್ಬಿನೊಳಗೆ ಉರಿಯುವ ಎಳೆಯ) ರೋಧ ಇಳಿಯುವುದರಿಂದ ಅಂಕಿ ತುಸು ಆಚೀಚೆ ಆಗುತ್ತದೆ, ಇರಲಿ.

ಬೆಳಕು ಸಾಲದೆಂದು ಅದೇ ತಂತಿಗೆ ಇನ್ನೊಂದು ಬಲ್ಬು ಸಿಕ್ಕಿಸಿದರೆ? ಎರಡೂ ಪಕ್ಕಪಕ್ಕದ ದಾರಿಗಳು, ಬಲ್ಬುಗಳ ಒಟ್ಟು ರೋಧ ಅರ್ಧಕ್ಕೆ, 1.2ಕ್ಕೆ ಇಳಿಯಿತು. ತಂತಿಯ 0.7 ಕೂಡಿಸಿದರೆ 1.9. ಕರೆಂಟು 6.3 ಆಂಪಿಯರಿಗೆ ಏರಿತು. ತಂತಿಯಲ್ಲಿ ಈಗ 4.4 ವೋಲ್ಟ್ ಹೋಗುತ್ತದೆ, ಒಂದೊಂದು ಬಲ್ಬಿಗೆ 24 ವ್ಯಾಟ್ ಉಳಿಯುತ್ತದೆ. ಮೊದಲಿದ್ದದ್ದೂ ಇನ್ನಷ್ಟು ಮಂಕಾಯಿತು. ನಾಲ್ಕು ಸ್ಕ್ವೇರ್ ಎಂ.ಎಂ. ತಂತಿ ಎಳೆದಿದ್ದರೆ ಒಂದೇ ಬಲ್ಬು 52 ವ್ಯಾಟ್ ಕೊಡುತ್ತಿತ್ತು.

ನನ್ನನ್ನು ಕೇಳಿದರೆ ದಪ್ಪ ತಂತಿಗೂ ದುಡ್ಡು ಹಾಕಬೇಡಿ, ಬಲ್ಬು ಬದಲಿಸಿ. ಒಂಬತ್ತು ವ್ಯಾಟಿನ ಎಲ್‌ಇಡಿಗೆ ಮುಕ್ಕಾಲು ಆಂಪಿಯರ್ ಸಾಕು. ಆ ಸಪೂರ ತಂತಿಯಲ್ಲೇ ಅರ್ಧ ವೋಲ್ಟ್ ಹೋಗುತ್ತದಷ್ಟೆ. ಬ್ಯಾಟರಿಯ ಪಾಸಿಟಿವ್ ತುದಿಯಲ್ಲಿ ಫ್ಯೂಸ್ ಮಾತ್ರ ಮರೆಯಬೇಡಿ. 12 ವೋಲ್ಟ್ ಶಾಕ್ ಹೊಡೆಯದಿದ್ದರೂ ಶಾರ್ಟ್ ಆದರೆ ಬೆಂಕಿ ಹಚ್ಚಬಲ್ಲದು.

ವೋಲ್ಟ್ ಅಳೆಯುವ ಮೀಟರ್ ಇಟ್ಟುಕೊಂಡವರು ಬಲ್ಬು ಉರಿಯುತ್ತಿರುವಾಗಲೇ ಅಳೆಯಿರಿ. ಬಲ್ಬು ಬಿಚ್ಚಿಟ್ಟು ತಂತಿಯ ತುದಿ ಅಳೆದರೆ ಅಲ್ಲೂ 12 ತೋರಿಸುತ್ತದೆ. ಕರೆಂಟು ಹರಿಯದಿದ್ದರೆ ತಂತಿ ಏನನ್ನೂ ತಿನ್ನುವುದಿಲ್ಲ. ಉರಿಯುವಾಗ ಬ್ಯಾಟರಿಯಲ್ಲಿ 12 ಇದ್ದು ಬಲ್ಬಿನಲ್ಲಿ 9 ಬಂದರೆ ತಂತಿಯನ್ನೋ ಸಡಿಲ ಜಾಯಿಂಟನ್ನೋ ಹುಡುಕಿ. ಬ್ಯಾಟರಿಯಲ್ಲೇ 10ಕ್ಕೆ ಕುಸಿದರೆ, ಆಗ ಬ್ಯಾಟರಿ ಅಂಗಡಿಯ ಕಡೆ ಹೊರಡಿ. ನಮಸ್ಕಾರ.